ಕಾರ್ಡು ಆಮೇಲೆ ಹೊಡೆಸ್ರಿ, ಮೊದ್ಲು ಬಚ್ಚಲಿಗೆ ನೀರು ನಿಲ್ಸ್ರಿ

ಹೋದ ವಾರ ಹಿರಿಯೂರಿಂದ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಗೃಹಪ್ರವೇಶ ಆಗಿ ಇನ್ನೂ ವರ್ಷ ತುಂಬಿಲ್ಲ, ಬಚ್ಚಲ ನೆಲದಲ್ಲಿ ನಾಕು ಟೈಲ್ಸ್ ಎದ್ದು ಕೂತಾವಂತೆ. "ಟೈಲ್ಸೇ ಸರಿ ಇಲ್ಲ ಕಣಕ್ಕ, ಅಂಗಡಿಯೋನು ಮೋಸ ಮಾಡ್ದ" ಅಂದ್ಲು.

"ಯಾವ ತಿಂಗಳಲ್ಲಿ ಹಾಕ್ಸಿದ್ದೆ?"

"ಏಪ್ರಿಲ್‌ನಾಗೆ. ವೈಶಾಖಕ್ಕೆ ಮುಹೂರ್ತ ಇತ್ತಲ್ಲ."

"ಎಷ್ಟು ದಿನ ನೀರು ಹೊಡೆದ್ರಿ?"

ಆ ಕಡೆಯಿಂದ ಸದ್ದೇ ಇಲ್ಲ.

ಇವತ್ತು ಜಗಳ ಆಡಾಕೆ ಅಂತಾನೇ ಬರೀತಿದೀನಿ. ಅಂಗಡಿಯೋನ ಮೇಲಲ್ಲ, ಮೇಸ್ತ್ರಿ ಮೇಲೂ ಪೂರ್ತಿ ಅಲ್ಲ. ಮೊದ್ಲು ಕಾರ್ಡು ಹೊಡೆಸಿ, ಊರೆಲ್ಲಾ ಹಂಚಿ, ಆಮೇಲೆ ಟೈಲ್ಸ್ ಹಾಕಿಸೋ ನಮ್ಮಂಥೋರ ಮೇಲೆ.

ನಾನೇನು ಸಾಚಾ ಅಲ್ಲ. 2017ರಲ್ಲಿ ದುರ್ಗದಲ್ಲಿ ನಮ್ಮನೆ ಆದಾಗ ಮಾಡಿದ್ದೂ ಇದನ್ನೇ. ಬರಗಾಲ, ಬೋರು ಬತ್ತಿತ್ತು, ಟ್ಯಾಂಕರ್ ನೀರು. ಏಪ್ರಿಲ್ ಬಿಸಿಲಲ್ಲಿ ಟೈಲ್ಸ್ ಡಬ್ಬ ಅಂಗಳದಲ್ಲಿ ಕಾದು ರೊಟ್ಟಿ ಹೆಂಚಾಗಿತ್ತು. ನೀರು ಹೊಡೀರಿ ಅಂತ ಮೇಸ್ತ್ರಿ ಹೇಳ್ದ, ಸುಳ್ಳು ಹೇಳಬಾರ್ದು. ಟ್ಯಾಂಕರಿಗೆ ದುಡ್ಡು ಯಾಕೆ ಸುರೀಬೇಕು ಅಂತ ನಮ್ಮನೆಯೋರು ಎರಡೇ ದಿನಕ್ಕೆ ನಿಲ್ಸಿದ್ರು, ನಾನೂ ಹೂಂ ಅಂದೆ. ಕಾರ್ಡು ಹಂಚಾಗಿತ್ತು. ಊಟಕ್ಕೆ ಮುನ್ನೂರು ಜನ ಬಂದ್ರು, ಟೈಲ್ಸ್ ಫಳಫಳ ಹೊಳೀತಿತ್ತು.

ಶ್ರಾವಣಕ್ಕೆಲ್ಲಾ ನೆಲ ಒರೆಸುವಾಗ ಟೊಳ್ಳು ಸದ್ದು ಬರಾಕೆ ಹತ್ತಿತು. ಮುಂದಿನ ಬೇಸಿಗೆಗೆ ಒಂದು ಟೈಲ್ಸ್ ಎದ್ದು ಮೂಲೆ ಒಡೀತು. ಆ ಚೂಪಿಗೆ ನಮ್ಮತ್ತೆ ಕಾಲು ಕೊಯ್ಕೊಂಡ್ರು. ಸಕ್ಕರೆ ಕಾಯಿಲೆಯೋರು, ಗಾಯ ಮಾಯಾಕೆ ಮೂರು ತಿಂಗಳು ಬೇಕಾಯ್ತು. ಆಮೇಲೆ ಆ ಬಚ್ಚಲಿಗೆ ಕಾಲೇ ಇಡಲಿಲ್ಲ ಅವರು. ಎಂಬತ್ತು ವರ್ಷದ ಮುದುಕಿ, ಹಿತ್ತಲಲ್ಲಿ ಸೀರೆ ಮರೆ ಕಟ್ಕೊಂಡು ಸ್ನಾನ ಮಾಡ್ತಿದ್ರು. ಪೂರ್ತಿ ಕಿತ್ತು ಮತ್ತೆ ಹಾಕ್ಸಾಕೆ 48,000 ರೂಪಾಯಿ ಆಯ್ತು. ದುಡ್ಡು ಹೋದದ್ದು ಮರೆತೀನಿ, ಆ ಸೀರೆ ಮರೆ ಮರೆಯಾಕಾಗಿಲ್ಲ.

ಸಿಮೆಂಟು ಒಣಗಿ ಗಟ್ಟಿ ಆಗ್ತೈತೆ ಅಂತ ಅಂದ್ಕೊಂಡೀವಿ ನಾವೆಲ್ಲ. ತಪ್ಪು. ಅದು ನೀರು ಕುಡಿದು ಗಟ್ಟಿ ಆಗೋದು. ಮುದ್ದೆಗೆ ಎಸರು ಸಾಲದೆ ಇದ್ರೆ ಏನಾಗ್ತೈತೆ? ಮೇಲೆ ನುಣ್ಣಗೆ ಕಾಣ್ತೈತೆ, ಮುರಿದ್ರೆ ಒಳಗೆ ಹಸಿ ಹಿಟ್ಟು. ಟೈಲ್ಸ್ ಕೆಳಗೂ ಅದೇ ಕತೆ. ನಮ್ಮತ್ತೆ ಕಾಲು ಕೊಯ್ದ ಟೈಲ್ಸ್ ಕಿತ್ತಾಗ ಅದರ ಬೆನ್ನು ತೊಳೆದಿಟ್ಟಂಗೆ ಇತ್ತು, ಕೆಳಗಿನ ಸಿಮೆಂಟು ಬೆರಳಲ್ಲಿ ಕೆದರಿದ್ರೆ ವಿಭೂತಿ ಥರ ಉದುರ್ತಿತ್ತು. ಎಂಜಿನಿಯರಿಂಗ್ ಓದೋ ನಮ್ಮ ಅಣ್ಣನ ಮಗ ಕಾಂಕ್ರೀಟಿನ ಮಾನದಂಡ ತೋರ್ಸಿದ, ಐ.ಎಸ್. 456 ಅಂತ. ಮಾಮೂಲಿ ಸಿಮೆಂಟಿಗೆ ಕಮ್ಮಿ ಅಂದ್ರೂ 7 ದಿನ, ಬಿಸಿಲು ಒಣಹವೆ ಇರೋ ಕಡೆ 10 ದಿನಕ್ಕೆ ಕಮ್ಮಿ ಇಲ್ದಂಗೆ ಹಸಿಯಾಗಿಡಬೇಕಂತೆ. ಅದು ಕಾಂಕ್ರೀಟಿನ ಲೆಕ್ಕ ನಿಜ. ಬಚ್ಚಲ ನೆಲದ ಸಿಮೆಂಟಿಗೆ ದಾಹ ಬೇರೆನಾ?

ಇನ್ನು ದುರ್ಗದ ಗಾಳಿ. ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ ಕಣ್ರೇ. ಕಿಟಕಿ ಬಾಗಿಲು ಇನ್ನೂ ಕೂರಿಸದ ಮನೇಲಿ ಆ ಗಾಳಿ ನುಗ್ಗಿ ಸಿಮೆಂಟಿನ ನೀರೆಲ್ಲಾ ಎಳ್ಕೊಂಡು ಹೋಗ್ತೈತೆ. ಈಗ ಎಲ್ಲರೂ ಟೈಲ್ಸ್ ಗಮ್ ಅಂತಾರೆ. ಒಳ್ಳೇದೇ. ವಿಟ್ರಿಫೈಡ್ ಟೈಲ್ಸ್ ನೀರೇ ಕುಡಿಯಲ್ಲ, ಬರೀ ಸಿಮೆಂಟ್ ಹಾಲು ಅದನ್ನ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಗಮ್ಮೇ ಬೇಕು. ಆದ್ರೆ ಬೇಸಿಗೇಲಿ ಬಳಿದಿಟ್ಟ ಗಮ್ ಹಾಲಿನಂಗೆ ಬೇಗ ಕೆನೆ ಕಟ್ತೈತೆ. ಕೆನೆ ಮೇಲೆ ಟೈಲ್ಸ್ ಕೂರಿಸಿದ್ರೆ ಹಿಡಿಯಲ್ಲ. ಬೆರಳಿಟ್ಟು ನೋಡ್ರಿ, ಬೆರಳಿಗೆ ಅಂಟದಿದ್ರೆ ಕೆರೆದು ಬೇರೆ ಹಾಕು ಅನ್ರಿ. ಗೋಡೆಗೆ ಹಾಕೋ ಸೆರಾಮಿಕ್ ಟೈಲ್ಸ್ ಬೇರೆ ಜಾತಿ. ಅವು ಮಡಕೆ ಥರ ನೀರು ಹೀರ್ತಾವೆ. ಸಿಮೆಂಟಲ್ಲಿ ಹಾಕೋದಾದ್ರೆ ಮೊದ್ಲು ನೆನೆಸಬೇಕು, ಇಲ್ಲಾಂದ್ರೆ ಸಿಮೆಂಟಿನ ನೀರನ್ನ ಅವೇ ಕುಡಿತಾವೆ.

ಒಂದು ತಪ್ಪು ಹೆಂಗಸರದ್ದೇ. "ಸಂದು ಕಾಣಬಾರ್ದು, ಕೊಳೆ ಕೂರ್ತೈತೆ" ಅಂತ ಹಟ ಹಿಡಿದು ಟೈಲ್ಸ್‌ನ ಒತ್ತೊತ್ತಿ ಹಾಕಿಸ್ತೀವಿ. ಬಿಸಿಲಿಗೆ ಟೈಲ್ಸ್ ಹಿಗ್ಗುತ್ತೆ, ಜಾಗ ಇಲ್ದೆ ಇದ್ರೆ ಮೇಲಕ್ಕೆ ಏಳ್ತೈತೆ. ಸ್ಪೇಸರ್ ಇಡಾಕೆ ಬಂದ ಹುಡುಗನ್ನ ಬೈದು ಕಳಿಸಿದ್ದೋಳು ನಾನೇ.

"ಹಂಗಾದ್ರೆ ಮಳೆಗಾಲದಲ್ಲಿ ಹಾಕ್ಸಿದ್ರೆ ಆಯ್ತು" ಅಂತೀರಾ? ಅದೂ ಅಲ್ಲ. ನಮ್ಮ ಜಿಲ್ಲೇಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ದು. ಹೊಳಲ್ಕೆರೆ ಕಡೆ ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಗೋಡೆ ತಿಂಗಳುಗಟ್ಟಲೆ ತೇವ ಆರಲ್ಲ. ಆ ತೇವದ ಮೇಲೆ ವಾಟರ್‌ಪ್ರೂಫ್ ಬಳಿದ್ರೆ ಗುಳ್ಳೆ ಏಳ್ತೈತೆ. ಮರಳೂ ನೆಂದಿರ್ತೈತೆ, ಮೇಸ್ತ್ರಿ ಮಾಮೂಲಿ ಲೆಕ್ಕದಲ್ಲಿ ನೀರು ಹಾಕಿದ್ರೆ ಕಲಸಿದ್ದು ಅಂಬಲಿ ಆಗ್ತೈತೆ. ಬರದ ಸೀಮೆಯೋರು ಅಂತ ನೆಲದ ತೇವದ ಬಗ್ಗೆ ನಾವು ತಲೇನೇ ಕೆಡಿಸ್ಕಳಲ್ಲ. 2022ರಲ್ಲಿ 89 ವರ್ಷ ಆದ್ಮೇಲೆ ಮಾರಿಕಣಿವೆ ಕೋಡಿ ಬಿತ್ತಲ್ಲ, 1933ರ ಮೇಲೆ ಮತ್ತೆ ಆವಾಗ್ಲೇ. ಬಾಗಿನ ನೋಡಾಕೆ ಹೋದೋರು ನಮ್ಮೋರೆಷ್ಟೋ ಜನ. ನೀರು ಬರೋದೇ ಇಲ್ಲ ಅನ್ಕೊಂಡಿದ್ದ ಕಡೆ ನೀರು ಬಂತು. ನೆಲದ ಕೆಳಗೂ ಬರಬಹುದು ಅಂತ ಯಾಕೆ ಯೋಚ್ನೆ ಮಾಡಬಾರ್ದು?

ನಾನು ಪಂಚಾಂಗ ಬೇಡ ಅನ್ನೋಳಲ್ಲ. ನೋಡೋದಾದ್ರೆ ಪೂರ್ತಿ ನೋಡ್ರಿ ಅಂತೀನಿ. ಮುಹೂರ್ತದ ಪುಟ ತೆಗೀತೀರಿ, ಮಳೆ ನಕ್ಷತ್ರದ ಪುಟ ತೆಗೆಯಲ್ಲ. ಚಿತ್ತೆ, ಸ್ವಾತಿ ಮಳೆ ಮುಗೀಲಿ. ದೀಪಾವಳಿ ಆದ್ಮೇಲೆ ಬಿಸಿಲು ಹದ, ಬೋರಲ್ಲೂ ನಾಕು ಹನಿ ನೀರಿರ್ತೈತೆ. ಆಗ ಹಾಕ್ಸ್ರಿ. ಡಿಸೆಂಬರ್ ನಡುವಿಗೆ ಧನುರ್ಮಾಸ ಹಿಡೀತೈತೆ, ಹೆಂಗೂ ಯಾರೂ ಗೃಹಪ್ರವೇಶ ಮಾಡಲ್ಲ. ಆ ಒಂದು ತಿಂಗಳು ಮನೆ ಸುಮ್ನೆ ನಿಂತಿರ್ಲಿ. ಮಾಘದಲ್ಲಿ ಹಾಲುಕ್ಕಿಸ್ರಿ. ಶಾಸ್ತ್ರಾನೂ ಆಯ್ತು, ಸಿಮೆಂಟೂ ಆಯ್ತು.

ಬೇಸಿಗೆ ತಪ್ಪಿಸಾಕಾಗಲ್ಲ, ಬಾಡಿಗೆ ಮನೆ ಬಿಡಬೇಕು ಅಂತ ಕೆಲವರು ಹೇಳ್ತಾರೆ. ಒಪ್ಪಿದೆ. ಹಂಗಾದ್ರೆ ಬೆಳಗ್ಗೆ ಹತ್ತರೊಳಗೆ, ಸಂಜೆ ನಾಕರ ಮೇಲೆ ಕೆಲಸ ಮಾಡ್ಸ್ರಿ. ಟೈಲ್ಸ್ ನೆರಳಲ್ಲಿಡ್ರಿ, ಕಿಟಕಿಗೆ ಹಸಿ ಗೋಣಿಚೀಲ ಕಟ್ರಿ, ಸ್ವಲ್ಪ ಸ್ವಲ್ಪ ಕಲಸಿಸ್ರಿ. ಕೆಳಗಿನ ಸಿಮೆಂಟಿಗೆ ಟೈಲ್ಸ್ ಹಾಕೋ ಮುಂಚೆನೇ ದಿನ ಪೂರ್ತಿ ನೀರುಣ್ಸ್ರಿ. ಗಮ್ ಹಾಕಿದ ಮೇಲೆ ಮಾತ್ರ ತಕ್ಷಣ ನೀರು ಸುರೀಬ್ಯಾಡ್ರಿ, ಚೀಲದ ಮೇಲೆ ಬರೆದಷ್ಟು ಹೊತ್ತು ಬಿಡ್ರಿ. ನೀರು ಕುಡಿಯಾಕೆ ಬರೋಂಥದ್ದಿರ್ಲಿ. ಉಪ್ಪು ಬೋರಿನ ನೀರು ಹಾಕಿದ್ರೆ ಸಂದಿನಲ್ಲಿ ಬಿಳಿ ಹೂವು ಅರಳ್ತಾವೆ, ಉಜ್ಜಿ ಉಜ್ಜಿ ನಿಮ್ಮ ಕೈಯೇ ಸವೆಯೋದು.

"ಹೆಂಗಸರಿಗೆ ಗಾರೆ ಕೆಲಸ ಏನು ಗೊತ್ತು" ಅನ್ನೋ ಮಾತು ಬಂದೇ ಬರ್ತೈತೆ. ನನಗೂ ಬಂದಿತ್ತು, ನಮ್ಮನೆಯೋರಿಂದಾನೇ. ಆ ನೆಲ ಒರೆಸೋರು ಯಾರು ಸ್ವಾಮಿ? ಟೊಳ್ಳು ಸದ್ದು ಮೊದ್ಲು ಕೇಳಿಸೋದು ಯಾರ ಕಿವಿಗೆ?

ಹೊಸದುರ್ಗದಲ್ಲಿ ನಮ್ಮಣ್ಣ ಮನೆ ಕಟ್ಟಿಸ್ತಾ ಇದಾನೆ. ಮಹಡಿ ಬಚ್ಚಲಿಗೆ ವಾಟರ್‌ಪ್ರೂಫ್ ಆಗೈತೆ, ಟೈಲ್ಸ್ ಇನ್ನೂ ಇಲ್ಲ. ಬಾಗಿಲಿಗೆ ಕಟ್ಟೆ ಕಟ್ಟಿ, ನೀರು ಹೋಗೋ ಕಂಡಿ ಮುಚ್ಚಿ, ನೀರು ನಿಲ್ಸಿಸೀನಿ. ಅತ್ತಿಗೆಗೆ ಕೋಪ, ಕಾರ್ಡಿನ ಡಿಸೈನ್ ಆರಿಸಿಟ್ಕೊಂಡು ಕೂತಾಳೆ. ನಿನ್ನೆ ರಾತ್ರಿ ಅಣ್ಣನ ಮಗ ಫೋನ್ ಮಾಡಿದ್ದ. "ಅತ್ತೆ, ಎರಡು ದಿನ ಆಯ್ತು, ಕೆಳಗಿನ ರೂಮಿನ ತಾರಸಿ ಒಣಗೇ ಐತೆ, ನೀರು ಬಿಡಲಾ?"

ನಾಳೆನೂ ಒಂದಿನ ನೋಡಪ್ಪ ಅಂದೆ.