ಹತ್ತು ಸಾವಿರಕ್ಕೊಬ್ಬ

ಬಾಡಿಗೆ ಮನೆಯಲ್ಲಿರುವವರಿಗೂ ಒಂದು ಮರ್ಯಾದೆ ಉಂಟು. ಸುಣ್ಣ ಹೊಡೆಸುವುದಾದರೆ ಮನೆಯ ಯಜಮಾನರು ಬಂದು, “ಯಾವ ದಿನ ಅನುಕೂಲ, ಸ್ವಾಮಿ?” ಎಂದು ಕೇಳುತ್ತಾರೆ. ದುಡ್ಡು ಕೊಟ್ಟು ಕಂಪ್ಯೂಟರ್ ಕೊಂಡವನಿಗೆ ಆ ಭಾಗ್ಯವಿಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಅದರ ಆಪರೇಟಿಂಗ್ ಸಿಸ್ಟಮ್ ತಾನಾಗಿಯೇ ಹೊಸದಾಗಿರುತ್ತದೆ. ಇಲ್ಲವೆ ಅರ್ಧಕ್ಕೆ ನಿಂತು ಮುಖ ನೀಲಿ ಮಾಡಿಕೊಂಡು ಕುಳಿತಿರುತ್ತದೆ.

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಹೊರಡಿಸಿದ ಅಪ್‌ಡೇಟ್ ಏನು ಮಾಡಿತೆಂಬುದನ್ನು ಮರೆಯಬಾರದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಫೋಲ್ಡರುಗಳನ್ನು ಕೆಲವರು ಬೇರೆ ಜಾಗಕ್ಕೆ ಬದಲಾಯಿಸಿಕೊಂಡಿದ್ದರು. ಹಳೆಯ ಜಾಗದಲ್ಲಿ ಬರಿದಾದ ಫೋಲ್ಡರು ಉಳಿಯುತ್ತದೆಂಬ ದೂರಿತ್ತು. ಅದನ್ನು ತೆಗೆದುಹಾಕುವ ಏರ್ಪಾಡು ಮಾಡಿದರು. ಆದರೆ ಒಳಗೆ ಏನಾದರೂ ಇದೆಯೇ ಎಂದು ನೋಡದೆಯೇ ಅಪ್‌ಡೇಟ್ ಎಲ್ಲವನ್ನೂ ಗುಡಿಸಿಬಿಟ್ಟಿತು! ಅಲ್ಲಿಯೇ ಫೈಲುಗಳನ್ನು ಬಿಟ್ಟಿದ್ದವರ ಪತ್ರ, ಫೋಟೋ, ಲೆಕ್ಕಪತ್ರಗಳು ಮಾಯವಾದವು. ಮುಂಚೆಯೇ ಬಳಸಿ ಪರೀಕ್ಷಿಸಿದವರಲ್ಲಿ ಕೆಲವರು ಫೈಲು ಹೋಗುತ್ತಿವೆಯೆಂದು ಬರೆದು ತಿಳಿಸಿದ್ದರು. ಆ ದೂರುಗಳು ಕಂತೆಯಲ್ಲಿ ಹೂತುಹೋದವು. ವಾರ ತುಂಬುವ ಮೊದಲೇ ಹಂಚಿಕೆ ನಿಲ್ಲಿಸಬೇಕಾಯಿತು.

ಸಂಸ್ಥೆಯ ಸಮಾಧಾನವೇನು? ಫೈಲು ಕಳೆದುಕೊಂಡೆವೆಂದು ತಿಳಿಸಿದವರು ಹತ್ತು ಸಾವಿರಕ್ಕೊಬ್ಬರಂತೆ! ಆ ಒಬ್ಬನ ಮಗಳ ಮದುವೆಯ ಫೋಟೋಗಳು ಹತ್ತು ಸಾವಿರಕ್ಕೊಂದು ಪಾಲು ಹೋಗುವುದಿಲ್ಲ, ಪೂರಾ ಹೋಗುತ್ತವೆ.

“ಬ್ಯಾಕಪ್ ಇಟ್ಟುಕೊಳ್ಳಬಾರದಿತ್ತೆ?” ಎನ್ನುವ ಬುದ್ಧಿವಂತರಿದ್ದಾರೆ. ಇಟ್ಟುಕೊಳ್ಳಬೇಕು, ನಿಜ. ಆದರೆ ಕಳ್ಳನಿಗೆ ಅಂಜಿ ಬೀಗ ಹಾಕುವುದು ಬೇರೆ, ಸುಣ್ಣ ಹೊಡೆಯಲು ಬಂದವನಿಗೆ ಅಂಜಿ ಬೀಗ ಹಾಕುವುದು ಬೇರೆ.

ಅಪ್‌ಡೇಟೇ ಬೇಡವೆನ್ನುವ ಮೊಂಡುತನ ನನ್ನದಲ್ಲ. 2017ರ ಮಾರ್ಚಿಯಲ್ಲಿ ಬಂದ ತೇಪೆಯನ್ನು ಹಾಕಿಕೊಳ್ಳದ ಯಂತ್ರಗಳು ಮೇ ತಿಂಗಳಲ್ಲಿ ವಾನಾಕ್ರೈ ಹಾವಳಿಗೆ ಸಿಕ್ಕಿದವು. ಬ್ರಿಟನ್ನಿನ ಆಸ್ಪತ್ರೆಗಳೇ ತತ್ತರಿಸಿದವು. ರಕ್ಷಣೆಯ ತೇಪೆ ಬೇಕೇ ಬೇಕು. ತೇಪೆ ಹಚ್ಚಲು ಬಂದವರು ಅಂಗಿಯನ್ನೇ ಬದಲಾಯಿಸಿ ಹೋಗುವುದೇಕೆ? ಹಳೆಯದರಲ್ಲೇ ಕೈ ಪಳಗಿದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಒಂದು ಗುಂಡಿ ಆಚೀಚೆಯಾದರೂ ಅರ್ಧ ದಿನ ಹಾಳು.

ದೊಡ್ಡ ಮಾರ್ಪಾಡುಗಳನ್ನು ಬಳಸುವವನು “ಆಗಲಿ” ಎಂದ ಮೇಲೆಯೇ ಇಳಿಸುವ ಕ್ರಮವನ್ನು ವಿಂಡೋಸ್ 10ರಲ್ಲಿ ತಂದದ್ದು 2019ರ ಮೇ ತಿಂಗಳಲ್ಲಿ. ಅದೂ ಹಳೆಯ ಆವೃತ್ತಿಯ ಅವಧಿ ಮುಗಿಯುತ್ತ ಬರುವವರೆಗೆ ಮಾತ್ರ. ಬಾಗಿಲು ತಟ್ಟಿ ಒಳಗೆ ಬರುವಷ್ಟು ಸೌಜನ್ಯ ಕಲಿಯುವುದಕ್ಕೆ ಅಷ್ಟು ಮಂದಿಯ ಫೈಲುಗಳು ಬಲಿಯಾಗಬೇಕಿತ್ತೆ?