ತಿನ್ನಬಹುದಾದ ಗುಮ್ಮ

ಭೂತವೆಂದರೆ ಬೆದರುವ ಮಗುವಿಗೆ ಭೂತವನ್ನೇ ಮಾಡಿ ತಿನ್ನಲು ಕೊಡುವುದು ವಿಹಿತವೇ ಎಂದು ಕೆಲವರು ತಾಯಂದಿರು ಶಂಕಿಸುವುದುಂಟು. ಅಮೆರಿಕಾದಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿ ಈ ಶಂಕೆಯು ಅಕ್ಟೋಬರ್ 31ನೆಯ ತಾರೀಖಿನ ಹ್ಯಾಲೋವೀನ್ ಹಬ್ಬದ ಕಾಲಕ್ಕೆ ತಲೆಯೆತ್ತುತ್ತದೆ. ಮಕ್ಕಳು ಶಾಲೆಯಿಂದ ಬಂದು, "ನಮ್ಮ ಮನೆಯಲ್ಲಿಯೂ ಭೂತದ ತಿಂಡಿ ಮಾಡಬೇಕು" ಎಂದು ಹಠ ಹಿಡಿಯುತ್ತಾರೆ. ಅಂಗಡಿಯಲ್ಲಿ ಸಿಕ್ಕುವ ಭೂತಾಕಾರದ ಮಾರ್ಷ್‌ಮ್ಯಾಲೋ ಮಿಠಾಯಿಗಳಲ್ಲಿ, ಪ್ರಾಣಿಗಳ ಚರ್ಮ ಮತ್ತು ಎಲುಬುಗಳಿಂದ ತೆಗೆದ ಜೆಲಟಿನ್ ಸಾಮಾನ್ಯವಾಗಿ ಸೇರಿರುವುದರಿಂದ ಶಾಕಾಹಾರಿಗಳಾದ ತಾಯಿತಂದೆಗಳು ಅದನ್ನು ಬೇಡವೆನ್ನುತ್ತಾರೆ. ನೆರೆಹೊರೆಯ ಮಕ್ಕಳೆಲ್ಲ ತಿಂದು ನಲಿಯುತ್ತಿರುವಾಗ ತಮ್ಮ ಮಗುವೊಂದೇ ಬರಿಗೈಯಲ್ಲಿ ನಿಂತಿರುವುದನ್ನು ನೋಡಲು ಯಾರ ಮನಸ್ಸು ತಾನೆ ಒಪ್ಪೀತು? ಆದುದರಿಂದ ಈ ತಿಂಗಳು ಆ ಹಬ್ಬದ ಮೂಲವನ್ನೂ, ಮನೆಯಲ್ಲಿಯೇ ಮಾಡತಕ್ಕ ಒಂದು ಸಿಹಿತಿಂಡಿಯ ಕ್ರಮವನ್ನೂ ವಾಚಕರಿಗೆ ನಿವೇದಿಸುತ್ತೇನೆ.

ಈ ಹಬ್ಬದ ತವರು ಅಮೆರಿಕಾ ಅಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ದೇಶಗಳು. ಅಲ್ಲಿನ ಪ್ರಾಚೀನ ಕೆಲ್ಟ್ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯನ್ನು ಒಂದು ಪರ್ವವಾಗಿ ಆಚರಿಸುತ್ತಿದ್ದರು. ಅದರ ಹೆಸರನ್ನು 'ಸಾವಿನ್' ಎಂದು ಉಚ್ಚರಿಸುವರು. ಇದು ನಮ್ಮ 'ಸಾವಿನ' ಎಂಬ ಮಾತಿಗೆ ಧ್ವನಿಯಲ್ಲಿ ಹತ್ತಿರವಾದರೂ ಇವೆರಡಕ್ಕೂ ಸಂಬಂಧವಿಲ್ಲ, ಕೇವಲ ಕಾಕತಾಳೀಯ. ಮುಂದೆ ಕ್ರೈಸ್ತರು ನವೆಂಬರ್ 1ನ್ನು ಸಮಸ್ತ ಸಂತರ ದಿನವೆಂದೂ, 2ನ್ನು ಗತಿಸಿದ ಆತ್ಮಗಳ ದಿನವೆಂದೂ ಆಚರಿಸತೊಡಗಿದರು. ಸಂತರ ದಿನದ ಹಿಂದಿನ ಸಂಜೆ ಎಂಬುದೇ ಹ್ಯಾಲೋವೀನ್ ಶಬ್ದದ ಅರ್ಥ. ಇಂಗ್ಲೆಂಡಿನಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗಿ ಹಾಡಿ, 'ಆತ್ಮದ ರೊಟ್ಟಿ' ಎಂಬ ಸಿಹಿ ಭಕ್ಷ್ಯವನ್ನು ಪಡೆಯುತ್ತಿದ್ದರು. ಐರ್ಲೆಂಡಿನವರು ಬಾರ್ಮ್‌ಬ್ರ್ಯಾಕ್ ಎಂಬ ದ್ರಾಕ್ಷಿಯ ರೊಟ್ಟಿಯೊಳಗೆ ಉಂಗುರ, ನಾಣ್ಯ, ಬಟ್ಟೆಯ ಚೂರು ಇವುಗಳನ್ನು ಅಡಗಿಸಿಡುತ್ತಿದ್ದರು. ಉಂಗುರ ಸಿಕ್ಕಿದವರಿಗೆ ವಿವಾಹ, ನಾಣ್ಯ ಸಿಕ್ಕಿದವರಿಗೆ ಐಶ್ವರ್ಯ, ಬಟ್ಟೆ ಸಿಕ್ಕಿದವರಿಗೆ ಬಡತನವೆಂದು ಭಾವನೆ. ಟರ್ನಿಪ್ ಗೆಡ್ಡೆಯನ್ನು ಕೊರೆದು ವಿಕಾರವಾದ ಮುಖ ಮಾಡಿ ಒಳಗೆ ದೀಪವಿಡುವುದೂ ಅವರ ರೂಢಿ. 19ನೆಯ ಶತಮಾನದಲ್ಲಿ ಅವರು ಗುಂಪುಗುಂಪಾಗಿ ಅಮೆರಿಕಾಕ್ಕೆ ವಲಸೆ ಹೋದಾಗ ಈ ಹಬ್ಬವೂ ಅವರೊಡನೆ ಹೋಯಿತು. ಟರ್ನಿಪ್ ಗೆಡ್ಡೆಯ ಸ್ಥಾನವನ್ನು ಆ ನೆಲದ ದೊಡ್ಡ ಸಿಹಿಗುಂಬಳವು ಆಕ್ರಮಿಸಿತು. ಮಕ್ಕಳು ವೇಷ ಧರಿಸಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಪದ್ಧತಿಯು ಅಲ್ಲಿ 1930ರ ದಶಕದಿಂದ ವ್ಯಾಪಕವಾಯಿತು. ಇದನ್ನು ನಮ್ಮ ಮಹಾಲಯದೊಡನೆ ಸಮೀಕರಿಸುವುದು ಯುಕ್ತವಲ್ಲ. ಮಹಾಲಯದಲ್ಲಿ ಪಿತೃಗಳಿಗೆ ತರ್ಪಣ. ಇಂದಿನ ಈ ಹಬ್ಬದಲ್ಲಿ ಮಕ್ಕಳಿಗೆ ವಿನೋದ.

ಇನ್ನು ಭಯದ ವಿಚಾರ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ವಿವರಿಸುವಾಗ ಅಡಿಗೆಯ ದೃಷ್ಟಾಂತವನ್ನೇ ಕೊಟ್ಟಿದ್ದಾನೆ. ನಾನಾ ವ್ಯಂಜನಗಳಿಂದ ಸಂಸ್ಕೃತವಾದ ಅನ್ನವನ್ನು ಉಣ್ಣುವವನು ಹೇಗೆ ರಸವನ್ನು ಆಸ್ವಾದಿಸಿ ಹರ್ಷಿಸುವನೋ, ಪ್ರೇಕ್ಷಕನೂ ಹಾಗೆಯೇ ಭಾವಗಳನ್ನು ಆಸ್ವಾದಿಸಿ ಹರ್ಷಿಸುವನು ಎಂಬುದು ಅದರ ತಾತ್ಪರ್ಯ. ಆತನ ಎಂಟು ರಸಗಳಲ್ಲಿ ಭಯಾನಕವೂ ಒಂದು. ಹುಲಿಯು ಎದುರಿಗೆ ಬಂದಾಗ ಹುಟ್ಟುವುದು ಭಯ. ರಂಗದ ಮೇಲೆ ಹುಲಿಯ ವೇಷ ಬಂದಾಗ ತಾಯಿಯ ಮಡಿಲಲ್ಲಿ ಕುಳಿತು ಸವಿಯುವುದು ಭಯಾನಕರಸ. ಮೊದಲನೆಯದರಿಂದ ಮಗು ಓಡುತ್ತದೆ. ಎರಡನೆಯದನ್ನು ಇನ್ನೊಮ್ಮೆ ತೋರಿಸೆಂದು ಕೇಳುತ್ತದೆ.

ನಮ್ಮ ಮನೆಗಳಲ್ಲಿ, "ಊಟ ಮಾಡದಿದ್ದರೆ ಗುಮ್ಮ ಹಿಡಿದುಕೊಂಡು ಹೋಗುತ್ತಾನೆ" ಎಂದು ಹೆದರಿಸಿ ತುತ್ತು ತಿನ್ನಿಸುವ ಅಭ್ಯಾಸವು ಇನ್ನೂ ಅಳಿದಿಲ್ಲ. ಹಾಗೆ ತಿಂದ ಮಗು ಹಗಲು ಉಂಡು ರಾತ್ರಿ ಬೆಚ್ಚುತ್ತದೆ. ನನ್ನ ತರಗತಿಯಲ್ಲಿ ಹುಣಸೆಮರದ ಕೆಳಗೆ ಒಬ್ಬನೇ ಹಾದುಹೋಗಲಾರದ ಹುಡುಗನೊಬ್ಬನಿದ್ದನು. ಆ ಮರದ ದೆವ್ವವನ್ನು ಹಲಗೆಯ ಮೇಲೆ ಬರೆದು ತೋರಿಸೆಂದು ಹೇಳಿದೆನು. ಬರೆದನು, ಮೀಸೆಯಿಟ್ಟನು, ಪಕ್ಕದವನು ಅದಕ್ಕೆ ಕನ್ನಡಕ ಹಾಕಿದನು, ಇಬ್ಬರೂ ನಕ್ಕರು. ಆ ಹುಡುಗನು ಅಂದೇ ಧೀರನಾದನೆಂದು ಹೇಳಲಾರೆ. ಆದರೆ ದೆವ್ವದ ಮುಖವು ತನ್ನ ಬಳಪದ ಅಧೀನದಲ್ಲಿದೆ ಎಂಬುದನ್ನು ಅವನು ಕಂಡುಕೊಂಡನು. ಆದುದರಿಂದ ಗುಮ್ಮನನ್ನು ತೋರಿಸಿ ತುತ್ತು ತಿನ್ನಿಸುವುದಕ್ಕಿಂತ ಗುಮ್ಮನನ್ನೇ ತುತ್ತಾಗಿ ಕೊಡುವುದು ಲೇಸು.

ಈಗ ಪಾಕವಿಧಾನ. ಚಾಕೊಲೇಟಿನ ಮಣ್ಣಿನಲ್ಲಿ ಬಿಳಿಯ ಭೂತಗಳು ನಿಂತಿರುವ ಸ್ಮಶಾನವೇ ಈ ತಿಂಡಿಯ ಸ್ವರೂಪ. ಪಾಶ್ಚಾತ್ಯರು ಭೂತವನ್ನು ಮೊಟ್ಟೆಯ ಬಿಳಿಯಿಂದ ಮಾಡುವರು. ಅದನ್ನು ಮೆರಾಂಗ್ ಎನ್ನುವರು. ಮೊಟ್ಟೆ ತಿನ್ನದವರು ಚಿಂತಿಸಬೇಕಾಗಿಲ್ಲ. ಕಡಲೆಕಾಳನ್ನು ಬೇಯಿಸಿದ ಕಟ್ಟು ಕೂಡ ಮೊಟ್ಟೆಯ ಬಿಳಿಯಂತೆಯೇ ನೊರೆಗಟ್ಟುತ್ತದೆ ಎಂಬುದನ್ನು 2014ರಲ್ಲಿ ಫ್ರಾನ್ಸ್ ದೇಶದ ಜೊಯೆಲ್ ರೊಸೆಲ್ ಎಂಬವರು ತೋರಿಸಿಕೊಟ್ಟರು. ನಾವು ಸಾರಿಗೆ ಬಳಸುವ ಕಟ್ಟಿನಲ್ಲಿ ಇಂತಹ ಗುಣವಡಗಿತ್ತು!

ಕಾಬೂಲಿ ಕಡಲೆಯನ್ನು ರಾತ್ರಿ ನೆನೆಯಿಟ್ಟು, ಉಪ್ಪು ಹಾಕದೆ ಮೆತ್ತಗೆ ಬೇಯಿಸಿ, ಆ ನೀರಿನಲ್ಲಿಯೇ ಆರಲು ಬಿಡಬೇಕು. ಸೋಸಿದ ಕಟ್ಟು ತೆಳುವಾಗಿದ್ದರೆ ಕುದಿಸಿ, ಮೊಟ್ಟೆಯ ಬಿಳಿಯಷ್ಟು ಮಂದವಾಗುವಂತೆ ಇಳಿಸಿ ತಣಿಸಬೇಕು. ಇದರಲ್ಲಿ 120 ಮಿಲಿಲೀಟರನ್ನು ಜಿಡ್ಡಿಲ್ಲದ ಪಾತ್ರೆಗೆ ಹಾಕಿ, ಅರ್ಧ ಚಮಚ ನಿಂಬೆರಸ ಸೇರಿಸಿ, ವಿದ್ಯುತ್ ಕಡೆಗೋಲಿನಿಂದ ಬಿಳಿಯ ನೊರೆಯಾಗುವಂತೆ ಕಡೆಯಬೇಕು. ಬಳಿಕ 120 ಗ್ರಾಂ ನುಣ್ಣನೆಯ ಸಕ್ಕರೆಯನ್ನು ಒಂದೊಂದು ಚಮಚವಾಗಿ ಹಾಕುತ್ತ, ನೊರೆಯು ಹೊಳಪುಗೊಂಡು ಶಿಖರದಂತೆ ನಿಲ್ಲುವವರೆಗೆ ಕಡೆಯತಕ್ಕದ್ದು. ಪಾತ್ರೆಯಲ್ಲಿ ಲವಲೇಶ ಜಿಡ್ಡಿದ್ದರೂ ನೊರೆ ಏಳದು. ಏಕೆಂದರೆ ಗಾಳಿಯ ಗುಳ್ಳೆಗಳನ್ನು ಸುತ್ತುವರಿದು ಹಿಡಿದಿಡುವ ಪ್ರೋಟೀನಿನ ಪೊರೆಯನ್ನು ಜಿಡ್ಡು ಒಡೆಯುತ್ತದೆ. ಗೋರಂಟಿಯ ಕೋನಿನಂತೆ ಸುತ್ತಿದ ದಪ್ಪ ಕಾಗದದಲ್ಲಿ ಇದನ್ನು ತುಂಬಿ, ಬೇಕಿಂಗ್ ಕಾಗದದ ಮೇಲೆ ಚಿಕ್ಕ ಚಿಕ್ಕ ಗೋಪುರಗಳಾಗಿ ಹಿಂಡಿ, 100 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್‌ನಲ್ಲಿ ಒಂದೂವರೆಯಿಂದ ಎರಡು ಗಂಟೆ ಒಣಗಿಸಬೇಕು. ಶಾಖ ಹೆಚ್ಚಾದರೆ ಭೂತವು ಕಂದುಬಣ್ಣಕ್ಕೆ ತಿರುಗುವುದು. ಒಲೆ ಆರಿಸಿದ ಮೇಲೆಯೂ ಅಲ್ಲಿಯೇ ತಣಿಯಲು ಬಿಟ್ಟು, ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಮಣ್ಣಿಗೆ ಅರ್ಧ ಲೀಟರು ಹಾಲು, 30 ಗ್ರಾಂ ಕಾರ್ನ್‌ಫ್ಲೋರ್, 20 ಗ್ರಾಂ ಕೋಕೋ ಪುಡಿ, 70 ಗ್ರಾಂ ಸಕ್ಕರೆ. ಪುಡಿಗಳನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಉಳಿದ ಹಾಲನ್ನು ಬಿಸಿಮಾಡಿ ಅದರಲ್ಲಿ ಬೆರೆಸಿ, ಸಣ್ಣ ಉರಿಯಲ್ಲಿ ತಿರುವುತ್ತ ಗಟ್ಟಿಯಾದ ಮೇಲೆ ಒಂದೆರಡು ನಿಮಿಷ ಕುದಿಸಿ ಇಳಿಸುವುದು. ಬಟ್ಟಲುಗಳಿಗೆ ಹಾಕಿ ತಣಿಸಿ, ಮೇಲೆ ಚಾಕೊಲೇಟ್ ಬಿಸ್ಕತ್ತಿನ ಪುಡಿಯನ್ನು ಉದುರಿಸಿ, ಉದ್ದನೆಯ ಬಿಸ್ಕತ್ತನ್ನು ಗೋರಿಯ ಕಲ್ಲಿನಂತೆ ನಿಲ್ಲಿಸಿದರೆ ಸ್ಮಶಾನ ಸಿದ್ಧ. ಭೂತಗಳನ್ನು ಮಾತ್ರ ಬಡಿಸುವ ಕ್ಷಣದಲ್ಲಿಯೇ ಇಡತಕ್ಕದ್ದು. ಮೊದಲೇ ಇಟ್ಟರೆ ತೇವವನ್ನು ಹೀರಿ ಕರಗಿಹೋಗುವುವು.

ಕಣ್ಣು ಬಾಯಿಗಳನ್ನು ಬರೆಯುವ ಕೆಲಸ ಮಗುವಿನದು. ಕರಗಿಸಿದ ಚಾಕೊಲೇಟನ್ನು ಉಗುರುಬೆಚ್ಚಗೆ ಆರಿಸಿ, ಹಲ್ಲುಕಡ್ಡಿಯ ಜೊತೆಗೆ ಅದರ ಮುಂದಿಡಿರಿ. ಭೂತವು ಕೋಪಿಸಬೇಕೋ, ಅಳಬೇಕೋ, ನಗಬೇಕೋ ಎಂಬುದನ್ನು ಅದೇ ನಿರ್ಣಯಿಸಲಿ. ದೊಡ್ಡವರು ತಿದ್ದಬಾರದು. ಇಷ್ಟಾದರೂ ಅಂಜುವ ಮಗುವನ್ನು ಬಲವಂತಪಡಿಸದೆ, ಗೋರಿಯ ಬಿಸ್ಕತ್ತನ್ನಷ್ಟೇ ಕೊಟ್ಟು ಸುಮ್ಮನಿರುವುದು ವಿವೇಕ.

ಕೆಲವು ಎಚ್ಚರಿಕೆಗಳೂ ಅವಶ್ಯ. ಹೊಗೆ ಏಳಲೆಂದು ಕೆಲವರು ಬಳಸುವ ಒಣಮಂಜುಗಡ್ಡೆಯು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಶೈತ್ಯವುಳ್ಳದ್ದು. ಮುಟ್ಟಿದರೆ ಚರ್ಮ ಸುಡುತ್ತದೆ. ಅದನ್ನು ಮಕ್ಕಳ ಬಟ್ಟಲಿನ ಬಳಿಗೆ ತರಲೇಬಾರದು. 4 ವರ್ಷದೊಳಗಿನ ಮಕ್ಕಳಿಗೆ ಗಟ್ಟಿಯಾದ ದುಂಡು ಮಿಠಾಯಿಗಳೂ ಇಡಿಯ ಕಡಲೆಕಾಯಿಬೀಜಗಳೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವುಂಟು. ನೆರೆಯ ಮಕ್ಕಳಿಗೆ ಕೊಡುವ ಮುನ್ನ ಹಾಲು, ಗೋಧಿ, ಕಡಲೆ ಇವುಗಳಲ್ಲಿ ಯಾವುದಾದರೂ ಅವರ ಮೈಗೆ ಒಗ್ಗದೆ ಇದೆಯೇ ಎಂದು ಹೆತ್ತವರನ್ನು ವಿಚಾರಿಸತಕ್ಕದ್ದು. ಅಂತಹ ಮಕ್ಕಳಿಗೆ ತಿಂಡಿಯಲ್ಲದ ಉಡುಗೊರೆ ನಮ್ಮಲ್ಲುಂಟೆಂದು ತಿಳಿಸಲು ನೀಲಿಹಸಿರು ಬಣ್ಣದ ಕುಂಬಳವನ್ನು ಬಾಗಿಲಲ್ಲಿಡುವ ಪದ್ಧತಿಯು 2014ರಿಂದ ಅಮೆರಿಕಾದ ಉದ್ದಗಲಕ್ಕೂ ಪ್ರಚಾರಕ್ಕೆ ಬಂದಿದೆ, ಇದು ಅನುಸರಣೀಯ.

ಪರದೇಶದ ಹಬ್ಬವೆಂದು ಹಳಿಯುವುದೂ ಬೇಡ. ನೆರೆಯವರು ಮಾಡಿದರೆಂದು ಕುರುಡಾಗಿ ಅನುಕರಿಸುವುದೂ ಬೇಡ. ಮಗುವಿನ ಒಡಲಿಗೆ ಹಿತವಾದುದನ್ನೂ, ಮನಸ್ಸಿಗೆ ಧೈರ್ಯ ಕೊಡುವುದನ್ನೂ ಆರಿಸಿಕೊಂಡರೆ ಸಾಕು. ತಾನೇ ಮುಖ ಬರೆದ ಗುಮ್ಮನನ್ನು ತಾನೇ ಕಚ್ಚಿ ತಿಂದ ಕೂಸು ಆ ರಾತ್ರಿ ಬೆಚ್ಚದೆ ಮಲಗಿದರೆ ತಾಯಿಯ ಶ್ರಮ ಸಾರ್ಥಕವಾದಂತೆಯೇ ಸರಿ.