ಬದಲಿ ಸರ್ವರ್ ಇದ್ದರೆ ಸಾಕೇ?



ನಿಮ್ಮಲ್ಲಿ ಹಲವರಿಗೆ ‘ಫೇಲ್‌ಓವರ್’ ದಿನದ ಮಾತು. ಒಂದು ಸರ್ವರ್ ನಿಂತರೆ, ಅದೇ ಡೇಟಾಬೇಸಿನ ಪ್ರತಿ ಇಟ್ಟುಕೊಂಡ ಇನ್ನೊಂದು ಕೆಲಸ ವಹಿಸಿಕೊಳ್ಳಬೇಕು. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರಕ್ಕೆ ಇಂಥ ಬದಲಿ ತಾಣ ಚೆನ್ನೈಯಲ್ಲಿತ್ತು. ಆದರೂ 2021ರ ಫೆಬ್ರವರಿ 24ರಂದು ದೂರಸಂಪರ್ಕದ ಕೊಂಡಿಗಳು ಕೈಕೊಟ್ಟಾಗ, ಬೆಳಿಗ್ಗೆ 11.40ರ ಸುಮಾರಿಗೆ ನಿಂತ ವಹಿವಾಟು ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ! ಅಷ್ಟು ಹೊತ್ತು ಎಷ್ಟೋ ಜನರ ಹಣ ನಡುವೆ ಸಿಲುಕಿತ್ತು. ಚೆನ್ನೈಗೆ ಬದಲಾಯಿಸಲೇ ಇಲ್ಲ.

2024ರ ಮಾರ್ಚ್ 2ರ ಶನಿವಾರ ನಿಜವಾದ ವಹಿವಾಟನ್ನೇ ನಡುವೆ ಬದಲಿ ತಾಣಕ್ಕೆ ಸಾಗಿಸಿ ನೋಡಿದರು. ಅದು ಸರಿಯಾದ ತಾಲೀಮು.

ನೀವು ಕ್ಲಸ್ಟರ್ ಕಟ್ಟಿದರೆ, ಗ್ರಾಹಕರು ಬರುವ ಮುನ್ನವೇ ಮುಖ್ಯ ಸರ್ವರಿನ ತಂತಿ ಕಿತ್ತು ನೋಡಿ. ಎಷ್ಟು ನಿಮಿಷ ಹಿಡಿಯಿತು, ಕೊನೆಯ ವ್ಯವಹಾರ ಬದಲಿಗೆ ಬಂದಿದೆಯೇ ಎಂದು ಬರೆದಿಡಿ.